ಆಪ್ಷನ್ ಸಂಕೇತ: ಒಂದಕ್ಷರ ಬದಲಾದರೆ ಒಪ್ಪಂದವೇ ಬೇರೆ

ಷೇರನ್ನು ಗುರುತಿಸಲು ಮೂರು ನಾಲ್ಕು ಅಕ್ಷರಗಳ ಸಂಕೇತ ಸಾಕು. ಆಪ್ಷನ್‌ಗೆ ಅಷ್ಟು ಸಾಲದು. ಯಾವ ಕಂಪನಿಯದು, ಕೊಳ್ಳುವ ಹಕ್ಕಾದ ಕಾಲ್ ಆಪ್ಷನ್ನೋ ಮಾರುವ ಹಕ್ಕಾದ ಪುಟ್ ಆಪ್ಷನ್ನೋ, ಅವಧಿ ಮುಗಿಯುವುದು ಎಂದು, ವಹಿವಾಟಿಗೆ ಗೊತ್ತುಪಡಿಸಿದ ಸ್ಟ್ರೈಕ್ ದರ ಎಷ್ಟು ಎಂಬ ನಾಲ್ಕೂ ವಿವರಗಳು ಅದರಲ್ಲಿ ಅಡಕವಾಗಿರಬೇಕು. ಒಂದು ತಪ್ಪಿದರೂ ಕೈಗೆ ಬರುವುದು ಬೇರೊಂದು ಒಪ್ಪಂದ.

ಶಿಕಾಗೊ ಬೋರ್ಡ್ ಆಪ್ಷನ್ಸ್ ಎಕ್ಸ್‌ಚೇಂಜ್ 1973ರ ಏಪ್ರಿಲ್ 26ರಂದು 16 ಕಂಪನಿಗಳ ಷೇರುಗಳ ಮೇಲೆ ಕಾಲ್ ಆಪ್ಷನ್ ವಹಿವಾಟು ಆರಂಭಿಸಿತು. 2010ರವರೆಗೂ ಅಮೆರಿಕದಲ್ಲಿ ಬಳಕೆಯಲ್ಲಿದ್ದ ಸಂಕೇತಕ್ಕೆ ಐದು ಅಕ್ಷರಗಳ ಮಿತಿಯಿತ್ತು. ಮೊದಲ ಮೂರರವರೆಗೆ ಕಂಪನಿಗೆ, ಮುಂದಿನದು ತಿಂಗಳಿಗೆ, ಕೊನೆಯದು ದರಕ್ಕೆ. ಜನವರಿಯಿಂದ ಡಿಸೆಂಬರ್‌ವರೆಗಿನ ಕಾಲ್‌ಗಳಿಗೆ 'ಎ'ಯಿಂದ 'ಎಲ್', ಪುಟ್‌ಗಳಿಗೆ 'ಎಂ'ನಿಂದ 'ಎಕ್ಸ್'. ದರದಲ್ಲಿ 'ಎ' ಎಂದರೆ 5 ಡಾಲರ್, 'ಬಿ' ಎಂದರೆ 10, ಹೀಗೆ ಏರುತ್ತ 'ಟಿ' ಎಂದರೆ 100.

ತೊಡಕಿದ್ದುದೂ ಇಲ್ಲಿಯೇ. 'ಟಿ' 100 ಡಾಲರ್ ಆಗಬಹುದು, 200 ಕೂಡ ಆಗಬಹುದು. ಷೇರಿನ ಅಂದಿನ ಬೆಲೆ ನೋಡಿ ಊಹಿಸಿಕೊಳ್ಳಬೇಕಿತ್ತು. ನಾಸ್ಡಾಕ್‌ನ ನಾಲ್ಕಕ್ಷರದ ಕಂಪನಿಗಳಿಗೆ ಮಿತಿಯೊಳಗೆ ಜಾಗವೇ ಇರಲಿಲ್ಲ. ಹಾಗಾಗಿ 'ಎಂಎಸ್‌ಎಫ್‌ಟಿ' ಆಗಿದ್ದ ಮೈಕ್ರೊಸಾಫ್ಟ್ ಆಪ್ಷನ್ ಪೇಟೆಯಲ್ಲಿ 'ಎಂಎಸ್‌ಕ್ಯೂ' ಎನಿಸಿಕೊಂಡಿತು. ವರ್ಷಕ್ಕಂತೂ ಸ್ಥಾನವೇ ಇಲ್ಲ! ಒಂದೆರಡು ವರ್ಷಗಳಾಚೆ ಮುಗಿಯುವ ದೀರ್ಘಾವಧಿ ಆಪ್ಷನ್‌ಗಳಿಗೆ ಮತ್ತೊಂದು ಹೆಸರನ್ನೇ ಕೊಡಬೇಕಾಗುತ್ತಿತ್ತು.

2010ರ ಫೆಬ್ರುವರಿಯಿಂದ ಜಾರಿಗೆ ಬಂದ 21 ಸ್ಥಾನಗಳ ಸಂಕೇತದಲ್ಲಿ ಊಹೆಗೆ ಎಡೆಯಿಲ್ಲ. ಕಂಪನಿಗೆ ಆರು ಸ್ಥಾನ, ವರ್ಷ-ತಿಂಗಳು-ದಿನಕ್ಕೆ ಆರು, ಕಾಲ್ ಅಥವಾ ಪುಟ್ ಸೂಚಿಸಲು ಒಂದು, ದರಕ್ಕೆ ಎಂಟು. ದರದ ಕೊನೆಯ ಮೂರು ಅಂಕಿಗಳು ದಶಮಾಂಶ ಭಾಗ. 'ಐಬಿಎಂ 270115ಸಿ00250000' ಎಂದಿದ್ದರೆ 2027ರ ಜನವರಿ 15ಕ್ಕೆ ಮುಗಿಯುವ, 250 ಡಾಲರ್ ದರದ ಐಬಿಎಂ ಕಾಲ್ ಎಂದರ್ಥ. ಹಳೆಯ ದಾಖಲೆಗಳನ್ನು ಓದುವವರು ಒಂದು ವಿಷಯ ಗಮನಿಸಬೇಕು: 2015ರ ಫೆಬ್ರುವರಿಗೆ ಮುನ್ನ ಮಾಸಿಕ ಆಪ್ಷನ್‌ಗಳ ಸಂಕೇತದಲ್ಲಿದ್ದುದು ಮೂರನೇ ಶುಕ್ರವಾರದ ಮರುದಿನದ, ಅಂದರೆ ಶನಿವಾರದ ದಿನಾಂಕ.

ಹೊಸಬರು ಎಡವುವುದು ಕಂಪನಿಯ ಸಂಕೇತದ ಪಕ್ಕದಲ್ಲಿ 1 ಅಥವಾ 2 ಎಂಬ ಅಂಕಿ ಕಂಡಾಗ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದು ಆಪ್ಷನ್ ಎಂದರೆ 100 ಷೇರು. ವಿಲೀನ, ಷೇರು ವಿಭಜನೆ ಮುಂತಾದವುಗಳಿಂದ ಮಾರ್ಪಟ್ಟ ಒಪ್ಪಂದಕ್ಕೆ ಈ ಅಂಕಿ ಸೇರುತ್ತದೆ. ಅದರಡಿ ದೊರೆಯುವುದು ಬೇರೆ ಸಂಖ್ಯೆಯ ಷೇರು, ನಗದು ಅಥವಾ ಇನ್ನೊಂದು ಕಂಪನಿಯ ಷೇರೂ ಆಗಿರಬಹುದು. ಅಗ್ಗವಾಗಿ ಕಾಣುವ ಬೆಲೆಯ ಗುಟ್ಟು ಎಷ್ಟೋ ಬಾರಿ ಈ ಒಂದಂಕಿಯಲ್ಲಿರುತ್ತದೆ.

ಬೆಂಗಳೂರಿನ ಇನ್ಫೊಸಿಸ್‌ಗೆ ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿಯೂ ನ್ಯೂಯಾರ್ಕ್‌ನಲ್ಲಿಯೂ 'ಐಎನ್‌ಎಫ್‌ವೈ' ಎಂಬ ಒಂದೇ ಸಂಕೇತ. ಆದರೆ ಆಪ್ಷನ್‌ಗಳು ಒಂದೇ ಅಲ್ಲ. ಅಮೆರಿಕದಲ್ಲಿ ಷೇರುಗಳ ಆಪ್ಷನ್ ಹಕ್ಕನ್ನು ಅವಧಿಯೊಳಗೆ ಯಾವ ವಹಿವಾಟು ದಿನವಾದರೂ ಚಲಾಯಿಸಬಹುದು. ಭಾರತದಲ್ಲಿ ಕೊನೆಯ ದಿನ ಮಾತ್ರ. ಇಲ್ಲಿನ 'ಸಿಇ', 'ಪಿಇ'ಗಳಲ್ಲಿರುವ 'ಇ' ಸೂಚಿಸುವುದು ಯುರೋಪಿಯನ್ ಮಾದರಿ ಎನ್ನಲಾಗುವ ಇದೇ ನಿಯಮವನ್ನು. 2001ರ ಜುಲೈಯಲ್ಲಿ ಷೇರು ಆಪ್ಷನ್ ಆರಂಭವಾದಾಗ ಅಮೆರಿಕನ್ ಮಾದರಿಯ 'ಸಿಎ', 'ಪಿಎ'ಗಳೇ ಇದ್ದವು. ಬದಲಾವಣೆ ಬಂದದ್ದು 2011ರ ಜನವರಿಯಲ್ಲಿ.

ಸಂಕೇತ ಹೇಳದೆ ಬಿಡುವುದೂ ಉಂಟು. ಒಂದು ಲಾಟ್‌ನಲ್ಲಿ ಎಷ್ಟು ಷೇರು ಎಂಬುದು ಅದರಲ್ಲಿಲ್ಲ. ಈ ಸಂಖ್ಯೆ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. 2019ರ ಅಕ್ಟೋಬರ್‌ನಿಂದ ಭಾರತದ ಎಲ್ಲ ಷೇರು ಆಪ್ಷನ್‌ಗಳಿಗೂ ಷೇರು ಹಸ್ತಾಂತರದ ಮೂಲಕವೇ ಇತ್ಯರ್ಥ ಕಡ್ಡಾಯವಾಗಿದೆ. ಲಾಭದಲ್ಲಿರುವ ಕಾಲ್ ಆಪ್ಷನ್ನನ್ನು ಮಾರದೆ ಕೊನೆಯ ದಿನ ದಾಟಿಸಿದವರು ಇಡೀ ಲಾಟ್‌ನ ಷೇರುಗಳಿಗೆ ಪೂರ್ತಿ ಹಣ ಹೊಂದಿಸಬೇಕಾಗುತ್ತದೆ.