ಎತ್ತರದ ಮೋಟಾರು ಸೈಕಲ್ಲು, ಗಿಡ್ಡ ಸವಾರ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹಾಸನವನ್ನು ದಾಟಿ ಸಕಲೇಶಪುರದತ್ತ ಸಾಗುವವರಿಗೆ ದಾರಿಯಲ್ಲಿ ಸಿಗುವ ಊರು ಬಾಳ್ಳುಪೇಟೆ. ಸುತ್ತಲೂ ಕಾಫಿ ತೋಟಗಳಿಗೆ ಇಳಿಯುವ ಮಣ್ಣಿನ ದಾರಿಗಳು, ಮಳೆಗಾಲದಲ್ಲಿ ಜಾರುವ ರಸ್ತೆಯಂಚುಗಳು; ಸಕಲೇಶಪುರದಾಚೆ ಶಿರಾಡಿ ಘಾಟಿಯ ತಿರುವುಗಳು. ದೂರಪ್ರಯಾಣದ ಮೋಟಾರು ಸೈಕಲ್ಲನ್ನೇರಿ ಇಲ್ಲಿ ಹೊರಟ ಗಿಡ್ಡ ಸವಾರರಿಗೆ, ಗಂಡಾಗಲಿ ಹೆಣ್ಣಾಗಲಿ, ಓಡಿಸುವಾಗ ತೊಂದರೆಯಿಲ್ಲ, ತೊಂದರೆಯಿರುವುದು ನಿಲ್ಲಿಸುವಾಗ. ಚಾಚಿದ ಕಾಲಿಗೆ ನೆಲ ಸಿಗದು. ವಾಹನ ವಾಲಿ ಸವಾರರೊಡನೆ ಉರುಳುತ್ತದೆ. ನೋಡಿದವರು "ಬಲ ಸಾಲದು" ಎನ್ನುತ್ತಾರೆ. ಆದರೆ ಸಾಲದಿರುವುದು ಬಲವಲ್ಲ, ಒಂದೆರಡು ಅಂಗುಲ. ಹೇಗೆಂಬುದನ್ನು ವಿಚಾರಿಸೋಣ.

ನೆಟ್ಟಗೆ ನಿಂತ ವಾಹನದ ಭಾರವೆಲ್ಲ ಚಕ್ರಗಳ ಮೂಲಕ ನೇರವಾಗಿ ನೆಲಕ್ಕಿಳಿಯುತ್ತದೆ. ವಾಲಿದೊಡನೆ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಚಕ್ರದ ತಳದಿಂದ ಪಕ್ಕಕ್ಕೆ ಸರಿದು, ಭಾರವು ವಾಹನವನ್ನು ಉರುಳಿಸತೊಡಗುತ್ತದೆ. ವಾಹನದ ತೂಕ 200 ಕಿಲೋಗ್ರಾಂ, ಗುರುತ್ವಕೇಂದ್ರದ ಎತ್ತರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 5 ಡಿಗ್ರಿ ವಾಲಿದಾಗ ಒಂದು ಮೀಟರ್ ಎತ್ತರದ ಹ್ಯಾಂಡಲಿನಲ್ಲಿ ಅದನ್ನು ತಡೆಯಲು ಸುಮಾರು 10 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಸಾಕು. 15 ಡಿಗ್ರಿ ವಾಲಿದರೆ ಸುಮಾರು 31 ಕಿಲೋಗ್ರಾಂ ಬೇಕು. ಉದ್ದ ಕಾಲಿನವರು ವಾಹನವನ್ನು 5 ಡಿಗ್ರಿಯಲ್ಲೇ ತಡೆಯುತ್ತಾರೆ. ಗಿಡ್ಡ ಕಾಲು ನೆಲ ಮುಟ್ಟುವಷ್ಟರಲ್ಲಿ ಹೊರೆ ಮೂರು ಪಟ್ಟಾಗಿರುತ್ತದೆ.

ಹಾಗಾದರೆ ಇಂಥ ವಾಹನಗಳನ್ನು ಎತ್ತರವಾಗಿ ಮಾಡುವುದೇಕೆ? ಕಲ್ಲುಗುಂಡಿಗಳ ಮೇಲೆ ಎಂಜಿನ್ನಿನ ತಳ ತಾಗಬಾರದು. ಚಕ್ರಗಳು ಮೇಲಕ್ಕೂ ಕೆಳಕ್ಕೂ ಆಡಲು ಸ್ಥಳ ಬೇಕು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ವಾಹನದ ಸೀಟು ನೆಲದಿಂದ 800 ಮಿಲಿಮೀಟರ್ ಎತ್ತರದಲ್ಲಿತ್ತು. 2023ರ ಹಿಮಾಲಯನ್ 450ರ ಸೀಟನ್ನು 825 ಇಲ್ಲವೆ 845 ಮಿಲಿಮೀಟರಿಗೆ ಹೊಂದಿಸಬಹುದು.

ಆದರೆ ಎತ್ತರವೊಂದೇ ಲೆಕ್ಕವಲ್ಲ. ಒಂದು ದಾರವನ್ನು ಒಂದು ಪಕ್ಕದ ನೆಲದಿಂದ ಸೀಟಿನ ಮೇಲೆ ಹಾಯಿಸಿ ಇನ್ನೊಂದು ಪಕ್ಕದ ನೆಲಕ್ಕೆ ಇಳಿಬಿಡಿ. ಕಾಲುಗಳು ಬಳಸಬೇಕಾದ ಹಾದಿಯೇ ಅದು. ಸೀಟು ಅಗಲವಾದಷ್ಟೂ ದಾರ ಉದ್ದವಾಗುತ್ತದೆ. ಆದ್ದರಿಂದ ಸೀಟಿನ ಮುಂಭಾಗವನ್ನು ಕಿರಿದುಗೊಳಿಸಿದರೆ, ಎತ್ತರವನ್ನು ಮುಟ್ಟದೆಯೇ ಕಾಲು ನೆಲಕ್ಕೆ ಹತ್ತಿರವಾಗುತ್ತದೆ. ಸೀಟಿನೊಳಗಿನ ಸ್ಪಂಜನ್ನು ಅತಿಯಾಗಿ ಕೊರೆದರೆ ಮಾತ್ರ ದೂರಪ್ರಯಾಣದಲ್ಲಿ ಅಡಿಯ ತಟ್ಟೆ ಒತ್ತತೊಡಗುತ್ತದೆ.

ಎರಡನೆಯ ಉಪಾಯ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನದು. ಅದನ್ನು ಮೊದಲೇ ಎಷ್ಟು ಬಿಗಿಮಾಡಿದೆಯೋ ಅಷ್ಟು ಕಡಮೆ ಅದು ಸವಾರರ ಭಾರಕ್ಕೆ ಕುಗ್ಗುತ್ತದೆ. ತೂಕ ಕಡಮೆಯಿರುವವರು ಈ ಬಿಗಿತವನ್ನು ಕೊಂಚ ಸಡಿಲಿಸಿದರೆ ಸೀಟು ತುಸು ತಗ್ಗುತ್ತದೆ. ಸಾಮಾನು ಹೇರಿದಾಗ ಮತ್ತೆ ಬಿಗಿಮಾಡಬೇಕು. ಇಲ್ಲವಾದರೆ ಗುಂಡಿಗಳಲ್ಲಿ ಸ್ಪ್ರಿಂಗು ಪೂರ್ತಿ ಕುಸಿದು ಬಡಿಯುತ್ತದೆ.

ಮೂರನೆಯದು ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರಿಗೂ ನಡುವಣ ಲಿಂಕುಗಳನ್ನು ಬದಲಿಸಿ ವಾಹನವನ್ನೇ ತಗ್ಗಿಸುವುದು. ಇಲ್ಲಿ ಲಾಭದೊಡನೆ ನಷ್ಟವೂ ಉಂಟು. ಹಿಂಭಾಗವನ್ನಷ್ಟೇ ಇಳಿಸಿದರೆ ಮುಂಭಾಗ ಮೇಲೆದ್ದಂತಾಗಿ ಹ್ಯಾಂಡಲು ನಿಧಾನವಾಗಿ ತಿರುಗುತ್ತದೆ. ದೀಪದ ಬೆಳಕು ಮೇಲಕ್ಕೆ ಹೊರಳಿ ಎದುರು ಬರುವವರ ಕಣ್ಣು ಕೋರೈಸುತ್ತದೆ. ಸೈಡ್ ಸ್ಟ್ಯಾಂಡು ಅನುಪಾತ ಮೀರಿ ಉದ್ದವಾಗಿ, ನಿಲ್ಲಿಸಿದ ವಾಹನ ಇನ್ನೊಂದು ಮಗ್ಗುಲಿಗೆ ಉರುಳಬಹುದು. ಆದುದರಿಂದ ಮುಂದಿನ ಫೋರ್ಕನ್ನೂ ತಕ್ಕಷ್ಟು ಇಳಿಸಿ, ಸ್ಟ್ಯಾಂಡನ್ನು ಮೊಟಕುಗೊಳಿಸಿ, ದೀಪವನ್ನು ಸರಿಪಡಿಸಬೇಕು. ಇಷ್ಟಾದರೂ ಎಂಜಿನ್ನಿನ ತಳ ನೆಲಕ್ಕೆ ಹತ್ತಿರವಾಗಿ, ತೋಟದ ದಾರಿಯ ಕಲ್ಲುಗಳು ತಾಗುವ ಭಯ ಉಳಿದೇ ಇರುತ್ತದೆ. ಇದು ಬಲ್ಲ ಮೆಕ್ಯಾನಿಕ್ಕಿನ ಕೆಲಸ; ಕಡೆಯ ಉಪಾಯವೂ ಹೌದು.

ಕಾಸು ಖರ್ಚಿಲ್ಲದ ಉಪಾಯವೂ ಒಂದಿದೆ. ಎರಡು ಪಾದಗಳೂ ನೆಲ ಮುಟ್ಟಲೇಬೇಕೆಂಬ ನಿಯಮವಿಲ್ಲ. ಸೀಟಿನ ಮೇಲೆ ಸೊಂಟವನ್ನು ಒಂದು ಬದಿಗೆ ಜಾರಿಸಿದರೆ ಆ ಬದಿಯ ಪಾದ ಭದ್ರವಾಗಿ ಊರುತ್ತದೆ. ಆದರೆ ಊರುವ ನೆಲವನ್ನು ಮೊದಲೇ ಆರಿಸಿಕೊಳ್ಳಬೇಕು. ಇಳಿಜಾರಿನ ಅಂಚಿನಲ್ಲಿ ತಗ್ಗಿನ ಕಡೆ ನೆಲ ದೂರ, ದಿಬ್ಬದ ಕಡೆ ಹತ್ತಿರ. ಬಾಳ್ಳುಪೇಟೆಯ ಸುತ್ತಿನ ಏರುತಗ್ಗಿನ ದಾರಿಗಳಲ್ಲಿ ನಿಲ್ಲಿಸುವ ಮುನ್ನ ದಿಬ್ಬ ಯಾವ ಕಡೆಗಿದೆಯೆಂದು ನೋಡಿ, ಆ ಕಡೆಗೇ ಕಾಲಿಡುವವರಿಗೆ ಬೇಕಾದ ಒಂದೆರಡು ಅಂಗುಲಗಳನ್ನು ನೆಲವೇ ಕೊಡುತ್ತದೆ.