ಲೋಟದ ನೀರಿನಲ್ಲಿ ಕಾಳಗದ ಮೀನು

ಬೆಂಗಳೂರಿನ ಹಲವು ಅಕ್ವೇರಿಯಂ ಅಂಗಡಿಗಳಲ್ಲಿ ಗಲ್ಲಾದ ಪಕ್ಕದ ಹಲಗೆಯ ಮೇಲೆ ಪ್ಲಾಸ್ಟಿಕ್ ಲೋಟಗಳ ಸಾಲೊಂದು ಕಣ್ಣಿಗೆ ಬೀಳುತ್ತದೆ. ಒಂದೊಂದರಲ್ಲೂ ಒಂದೊಂದು ಬೆಟಾ. ನಮ್ಮ ಮಕ್ಕಳ ಬಾಯಲ್ಲಿ ‘ಫೈಟರ್’. ಹೀಗೇಕೆ ಇಟ್ಟಿದ್ದೀರಿ ಎಂದರೆ ಎರಡು ಉತ್ತರಗಳು ಸಿದ್ಧ. ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಗದ್ದೆಯ ಕೆಸರಿನಲ್ಲಿ ಬೆಳೆಯುವ ಜಾತಿಗೆ ಇಷ್ಟು ನೀರು ಸಾಕು. ಮೊದಲ ಮಾತು ನಿಜ. ಎರಡನೆಯದರಲ್ಲಿ ಅರ್ಧ ಮಾತ್ರ ನಿಜ.

ಬೆಟಾದ ತವರು ಥಾಯ್ಲೆಂಡ್. ಆ ದೇಶ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅಲ್ಲಿನ ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ ನೀರಿನ ಆಳ ಕಡಿಮೆಯಿರಬಹುದು, ಹರವು ಕಡಿಮೆಯಲ್ಲ. ಅಡಗಲು ಜೊಂಡು, ತಿನ್ನಲು ಹುಳುಹುಪ್ಪಟೆ, ನೀರಿಗೆ ಬೆಚ್ಚನೆಯ ಬಿಸುಪು. ಗಂಡು ಮೀನು ತನ್ನದೇ ಗಡಿ ಹಿಡಿದು, ನೊರೆಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ವಿರಳವಾದ್ದರಿಂದ ಕಿವಿರಿನ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಅಂಗ ಬೆಳೆದಿದೆ. ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿಯನ್ನೇ ಉಸಿರಾಡುತ್ತದೆ.

ಈ ವರವೇ ಅದಕ್ಕೆ ಶಾಪವಾಗಿದೆ. ಬೇರೆ ಎಷ್ಟೋ ಮೀನುಗಳು ಇಂಥ ಲೋಟದಲ್ಲಿ ಉಸಿರುಕಟ್ಟಿ ಅಂಗಡಿಯವನ ಕಣ್ಣೆದುರೇ ಸತ್ತುಹೋಗುತ್ತಿದ್ದವು. ನಷ್ಟಕ್ಕೆ ಅಂಜಿಯಾದರೂ ಆತ ದೊಡ್ಡ ತೊಟ್ಟಿ ಇಡುತ್ತಿದ್ದ. ಬೆಟಾ ಹಾಗೆ ಸಾಯುವುದಿಲ್ಲ. ಆದರೆ ಅದು ವಿಸರ್ಜಿಸುವ ಅಮೋನಿಯಾ ಅದೇ ನೀರಿನಲ್ಲಿ ಉಳಿಯುತ್ತದೆ. ಚೆನ್ನಾಗಿ ನೆಲೆಗೊಂಡ ಅಕ್ವೇರಿಯಮ್ಮಿನ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಲೋಟದಲ್ಲಿ ಆ ಏರ್ಪಾಡು ಇಲ್ಲ. ವಿಷ ಕಿವಿರನ್ನು ಸುಡುತ್ತದೆ. ಬೆಟಾಕ್ಕೆ ಹಿತವಾದ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್. ಜನವರಿಯ ರಾತ್ರಿ ಈ ಊರಿನಲ್ಲಿ ಪಾದರಸ 15ರ ಆಸುಪಾಸಿಗೆ ಇಳಿದಾಗ ಲೋಟದ ನೀರು ಬಹುಬೇಗ ತಣ್ಣಗಾಗುತ್ತದೆ. ರೆಕ್ಕೆ ಮುದುಡಿ ತಳದಲ್ಲಿ ಬಿದ್ದ ಮೀನನ್ನು ಕಂಡು ‘ಪಾಪ, ಸಾಧು’ ಎನ್ನುವ ಗಿರಾಕಿಗಳಿದ್ದಾರೆ. ಪಾರದರ್ಶಕ ಲೋಟವಾದರೆ ಪಕ್ಕದ ವೈರಿಯೂ ದಿನವಿಡೀ ಕಾಣುತ್ತಿರುತ್ತಾನೆ. ನಡುವೆ ರಟ್ಟಿನ ತುಂಡು ಇಡುವ ಅಂಗಡಿಯವರೂ ಇದ್ದಾರೆ, ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ಕೆಲವರು ಕಾಡುಬಾದಾಮಿಯ ಒಣ ಎಲೆ ಹಾಕುತ್ತಾರೆ. ನಮ್ಮ ಬೀದಿಬದಿಯ ಮರಗಳು ಉದುರಿಸುವ ಅದೇ ಎಲೆ! ಅದರ ಕಂದು ಒಗರು ಮೀನಿಗೆ ಹಿತವೆಂಬುದು ಸಾಕುವವರ ಅನುಭವ. ಅಮೋನಿಯಾವನ್ನು ಮಾತ್ರ ಅದು ತೆಗೆಯದು.

ಇನ್ನು ಕಾನೂನು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನ ಹೊರತಾದ ಪ್ರತಿ ಜೀವಿಯೂ ಪ್ರಾಣಿಯೇ. ಚಲನೆಗೆ ತಕ್ಕಷ್ಟು ಅವಕಾಶವಿಲ್ಲದ ಪಾತ್ರೆಯಲ್ಲಿ ಪ್ರಾಣಿಯನ್ನು ಇಡುವುದು ಅದರ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಆದರೆ ಎಷ್ಟು ಲೀಟರ್ ನೀರು ‘ತಕ್ಕಷ್ಟು’ ಎಂದು ಅದು ಹೇಳುವುದಿಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮಗಳನ್ನು ಹೊರಡಿಸಿ, ವ್ಯಾಪಾರಿಗಳ ವಿರೋಧದ ನಡುವೆ ಹಿಂತೆಗೆದುಕೊಂಡಿತು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಹಕ್ಕಿಗಳನ್ನು ಹೆಸರಿಸಿದವು, ಮೀನನ್ನು ಹೆಸರಿಸಲಿಲ್ಲ.

ಬಾಡಿಗೆ ಕಟ್ಟಿ ಏಗುವ ಸಣ್ಣ ವ್ಯಾಪಾರಿಯನ್ನು ಖಳನಾಗಿಸುವುದು ಸುಲಭ. ಆದರೆ ಆತನ ಲೋಟ ಗಿರಾಕಿಗೂ ಪಾಠ ಹೇಳುತ್ತದೆ: ಅಂಗಡಿಯಲ್ಲಿ ಲೋಟ ಸಾಕಾದರೆ ಮನೆಯಲ್ಲಿ ಟಿ.ವಿ. ಪಕ್ಕದ ಗಾಜಿನ ಬೋಗುಣಿ ಸಾಕಾಗದೆ? ಸರಿಯಾಗಿ ಸಾಕಿದರೆ ಎರಡು ಮೂರು ವರ್ಷ ಬಾಳುವ ಮೀನು ಹೀಗೆ ತಿಂಗಳುಗಳಲ್ಲೇ ಮುಗಿಯುತ್ತದೆ. ಆ ಸಾವು ಅಂಗಡಿಯ ಲೆಕ್ಕಕ್ಕೆ ಬಾರದು.

ಬೇರೆ ದಾರಿಗೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಉದ್ದನೆಯ ತೊಟ್ಟಿಯೊಂದಕ್ಕೆ ಆಚೆ ಕಾಣದಂಥ, ಸಣ್ಣ ರಂಧ್ರಗಳುಳ್ಳ ಅಡ್ಡಹಲಗೆಗಳನ್ನು ಹಾಕಿ, ಎಲ್ಲ ಕೋಣೆಗಳ ನೀರೂ ಒಂದೇ ಫಿಲ್ಟರಿನ ಮೂಲಕ ಹಾಯುವಂತೆ ಮಾಡಿದರೆ ಗಂಡುಗಳು ಕಾದಾಡುವುದಿಲ್ಲ, ನೀರೂ ಕೆಡುವುದಿಲ್ಲ. ಒಂದೇ ಹೀಟರ್ ಎಲ್ಲಕ್ಕೂ ಸಾಕು. ಐವತ್ತು ಲೋಟಗಳಿದ್ದ ಜಾಗದಲ್ಲಿ ಹತ್ತು ಹನ್ನೆರಡು ಮೀನುಗಳಷ್ಟೇ ಹಿಡಿಸುತ್ತವೆ, ಬೆಲೆ ತುಸು ಏರುತ್ತದೆ. ಕೊಳ್ಳುವವರು ಅದನ್ನು ತೆರಲು ಸಿದ್ಧರಿದ್ದಾರೆಯೇ ಎಂಬುದನ್ನು ಅಂಗಡಿಯವರು ಇನ್ನೂ ಕೇಳಿ ನೋಡಿದಂತಿಲ್ಲ.