ಸರಾಸರಿಯ ಮರೆಯಲ್ಲಿ ಉಳಿಯುವ ಗಣಕ

ಒಂದೇ ಗಣಕದಲ್ಲಿ ಹಿಡಿಸಲಾರದಷ್ಟು ವಿಪುಲವಾದ ದತ್ತಾಂಶವನ್ನು ನೂರಾರು ಗಣಕಗಳಿಗೆ ಹಂಚಿ, ಅವೆಲ್ಲವೂ ಏಕಕಾಲದಲ್ಲಿ ದುಡಿಯುವಂತೆ ಮಾಡಿ, ಕಡೆಯಲ್ಲಿ ಅವುಗಳ ಫಲಿತಾಂಶವನ್ನು ಒಟ್ಟುಗೂಡಿಸತಕ್ಕ ವಿಧಾನವು, ಗೂಗಲ್ ಸಂಸ್ಥೆಯ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ಅವರು 2004ರಲ್ಲಿ ‘ಮ್ಯಾಪ್‌ರೆಡ್ಯೂಸ್’ ಕುರಿತ ಪ್ರಬಂಧವನ್ನು ಪ್ರಕಟಿಸಿದ ಬಳಿಕ ಲೋಕವಿಖ್ಯಾತವಾಯಿತು. ಅದಕ್ಕಿಂತಲೂ ಶೀಘ್ರಗಾಮಿಯಾದ ಸ್ಪಾರ್ಕ್ ವ್ಯವಸ್ಥೆಯನ್ನು ಮತೇಯಿ ಜಹಾರಿಯಾ ಅವರು 2009ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದರು. ದುಡಿಯುವ ಗಣಕಗಳ ಸಂಖ್ಯೆ ವೃದ್ಧಿಸಿದಂತೆಲ್ಲ ಅವುಗಳ ಕ್ಷೇಮಸಮಾಚಾರವನ್ನು ಅರಿಯುವುದೇ ಒಂದು ಸ್ವತಂತ್ರ ವಿದ್ಯೆಯಾಗಿ ಪರಿಣಮಿಸಿದೆ. ಆ ವಿದ್ಯೆಯಲ್ಲಿ ಅತ್ಯಂತ ಸುಲಭವಾಗಿ ದೊರೆಯುವ ಅಂಕಿಯಾದ ಸರಾಸರಿಯೇ ಅತ್ಯಂತ ವಂಚಕವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಪಾರ್ಕಿನಲ್ಲಿ ಒಂದು ಜಾಬು ಹಲವು ಹಂತಗಳಾಗಿಯೂ, ಒಂದೊಂದು ಹಂತವು ಅನೇಕ ಟಾಸ್ಕುಗಳಾಗಿಯೂ ಒಡೆಯುತ್ತದೆ. ಎಸ್‌ಕ್ಯುಎಲ್ ಪ್ರಶ್ನೆಯೊಂದಕ್ಕಾಗಿ ದಾಖಲೆಗಳನ್ನು ಮರುವಿಂಗಡಿಸಬೇಕಾದಾಗ, ಬೇರೆ ಸೂಚನೆ ಇಲ್ಲದ ಪಕ್ಷದಲ್ಲಿ, ಅವು 200 ಪಾಲುಗಳಾಗುವುದು ವಾಡಿಕೆ. ಇವುಗಳಲ್ಲಿ 199 ಟಾಸ್ಕುಗಳು ತಲಾ 10 ಸೆಕೆಂಡುಗಳಲ್ಲಿ ಮುಗಿದು, ಉಳಿದ ಒಂದು ಮಾತ್ರ 20 ನಿಮಿಷ ತೆಗೆದುಕೊಂಡಿತೆಂದು ಭಾವಿಸೋಣ. ಊರಿನ ಹೆಸರಿನ ಪ್ರಕಾರ ವಿಂಗಡಿಸುವಾಗ ಒಂದು ಮಹಾನಗರದ ದಾಖಲೆಗಳೆಲ್ಲ ಒಂದೇ ಪಾಲಿಗೆ ಬಂದು ಬಿದ್ದರೆ ಹೀಗಾಗುವುದು ತೀರ ಸಹಜ. ಎಲ್ಲ ಟಾಸ್ಕುಗಳ ಸರಾಸರಿ ಕಾಲವನ್ನು ಲೆಕ್ಕಹಾಕಿದರೆ ಬರುವುದು 16 ಸೆಕೆಂಡಿಗೂ ಕಡಿಮೆ! ಆ ಅಂಕಿಯನ್ನು ನೋಡಿದವರು ಸಕಲವೂ ಸುಸೂತ್ರವೆಂದು ತಿಳಿದಾರು. ಆದರೆ ಕಡೆಯ ಟಾಸ್ಕು ಮುಗಿಯುವ ತನಕ ಮುಂದಿನ ಹಂತವು ಆರಂಭವಾಗಲಾರದಾದುದರಿಂದ, ಬೆಲೆಬಾಳುವ ಉಳಿದ ಯಂತ್ರಗಳೆಲ್ಲ ಸುಮಾರು 20 ನಿಮಿಷ ಕೈಕಟ್ಟಿ ಕುಳಿತಿರುತ್ತವೆ.

ಡೀನ್ ಅವರೇ ಲೂಯಿಸ್ ಬರೋಸೊ ಅವರೊಡಗೂಡಿ 2013ರಲ್ಲಿ ಬರೆದ ಲೇಖನವೊಂದರಲ್ಲಿ ಈ ವಿಷಯದ ಗಣಿತವು ವಿಶದವಾಗಿದೆ. ಒಂದು ಸರ್ವರ್ ನೂರಕ್ಕೊಮ್ಮೆ ಮಾತ್ರ ಒಂದು ಸೆಕೆಂಡಿಗಿಂತ ಹೆಚ್ಚು ತಡಮಾಡುವುದೆನ್ನೋಣ. ಅಂತಹ 100 ಸರ್ವರುಗಳ ಉತ್ತರ ಕೂಡಿದ ಹೊರತು ಕಾರ್ಯ ಪೂರೈಸದೆಂದಾದರೆ, ನೂರು ಕೋರಿಕೆಗಳಲ್ಲಿ 63 ಕೋರಿಕೆಗಳು ತಡವಾಗುತ್ತವೆ. ಬಿಡಿಯಾಗಿ ಅಪರೂಪವಾದುದು ಇಡಿಯಾಗಿ ನಿತ್ಯದ ಸಂಗತಿಯಾಗುತ್ತದೆ.

ಹಾಗಾದರೆ ಈ ಅಂಕಿಗಳು ಗಣಕಗಳಿಂದ ಹೊರಬರುವ ಬಗೆ ಎಂತಹುದು? ಸ್ಪಾರ್ಕಿನಲ್ಲಿ ಕೆಲಸವನ್ನು ಹಂಚುವ ಡ್ರೈವರ್, ಅದನ್ನು ನಿರ್ವಹಿಸುವ ಎಕ್ಸಿಕ್ಯೂಟರುಗಳು ಎಂಬ ಎರಡು ವರ್ಗಗಳಿದ್ದು, ಎಕ್ಸಿಕ್ಯೂಟರುಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ತಮ್ಮ ಸ್ಥಿತಿಯನ್ನು ಡ್ರೈವರಿಗೆ ವರದಿಮಾಡುತ್ತವೆ. ಮೆಟ್ರಿಕ್ಸ್ ಎಂದು ಕರೆಯಲ್ಪಡುವ ಈ ಅಂಕಿಗಳನ್ನು ಕಡತಕ್ಕೆ ಬರೆಯಿಸಬಹುದು, ಗ್ರಾಫೈಟ್‌ನಂತಹ ಸಂಗ್ರಾಹಕಕ್ಕೆ ಕಳುಹಿಸಬಹುದು. 2020ರಲ್ಲಿ ಬಂದ ಸ್ಪಾರ್ಕ್ 3.0ದಿಂದೀಚೆಗೆ ಪ್ರೊಮೀಥಿಯಸ್ ಎಂಬ ಸಂಗ್ರಾಹಕವು ಅವನ್ನು ನೇರವಾಗಿ ಓದಿಕೊಳ್ಳಲೂ ಅನುಕೂಲವಿದೆ.

2012ರಲ್ಲಿ ಬರ್ಲಿನ್ನಿನ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಹುಟ್ಟಿದ ಪ್ರೊಮೀಥಿಯಸ್‌ನ ಕ್ರಮವು ಮನೆಮನೆಗೆ ಬಂದು ವಿದ್ಯುತ್ ಮೀಟರನ್ನು ಓದಿಕೊಂಡು ಹೋಗುವವರ ಕ್ರಮವನ್ನು ಹೋಲುತ್ತದೆ. ಅಂಕಿಗಳನ್ನು ಗಣಕಗಳು ತಾವಾಗಿ ಕಳುಹಿಸುವುದಿಲ್ಲ. ಸಂಗ್ರಾಹಕವೇ ನಿಯತಕಾಲಕ್ಕೆ ಒಂದೊಂದರ ಬಾಗಿಲಿಗೂ ಹೋಗಿ ಕೇಳುತ್ತದೆ. ಮೀಟರಿನ ಅಂಕಿಯು ಏರುತ್ತಲೇ ಹೋಗತಕ್ಕದ್ದಾದುದರಿಂದ ಒಂದು ತಿಂಗಳು ಯಾರೂ ಬಾರದಿದ್ದರೂ ಬಳಕೆಯ ಮೊತ್ತ ತಪ್ಪದು. ‘ಈವರೆಗೆ ಓದಿದ ದಾಖಲೆಗಳೆಷ್ಟು’ ಎಂಬಂತಹ ಕೌಂಟರುಗಳ ಗುಣವೂ ಇದೇ. ಕೇಳಿದಾಗ ಉತ್ತರವೇ ಬಾರದಿದ್ದರೆ, ಪ್ರೊಮೀಥಿಯಸ್ ಆ ಗಣಕದ ಹೆಸರಿನ ಮುಂದೆ ಸೊನ್ನೆಯೊಂದನ್ನು ದಾಖಲಿಸುತ್ತದೆ. ಮೌನವನ್ನೂ ಹೀಗೆ ಅಂಕಿಯಾಗಿಸಿದ್ದು ಈ ಪದ್ಧತಿಯ ಬಹು ದೊಡ್ಡ ಗುಣವೆಂದು ನಾನು ಎಣಿಸುತ್ತೇನೆ. ಆದರೂ ಸಂಗ್ರಾಹಕ ಬರುವ ಮೊದಲೇ ಮುಗಿದುಹೋಗುವ ಅಲ್ಪಾಯುಷಿ ಜಾಬುಗಳಿಗೆ ಇದು ಒಗ್ಗದು; ಅವು ತಮ್ಮ ಅಂಕಿಗಳನ್ನು ಪುಷ್‌ಗೇಟ್‌ವೇ ಎಂಬಲ್ಲಿ ಒಪ್ಪಿಸಿ ಹೋಗಬೇಕಾಗುತ್ತದೆ.

ಸರಾಸರಿಯ ವಂಚನೆಗೆ ಪರಿಹಾರವೆಂದರೆ ಹಿಸ್ಟೋಗ್ರಾಂ. ಒಂದು ಸೆಕೆಂಡಿನೊಳಗೆ ಮುಗಿದ ಟಾಸ್ಕುಗಳೆಷ್ಟು, ಹತ್ತರೊಳಗೆಷ್ಟು, ನೂರರೊಳಗೆಷ್ಟು, ಸಾವಿರದೊಳಗೆಷ್ಟು ಎಂದು ಮಿತಿಗಳನ್ನು ಕಟ್ಟಿ ಎಣಿಸಿಟ್ಟರೆ, ಮೇಲಿನ ಉದಾಹರಣೆಯ ಆ ಒಂಟಿ ಟಾಸ್ಕು ಸಾವಿರದ ಮಿತಿಯನ್ನೂ ದಾಟಿ ಸ್ಪಷ್ಟವಾಗಿ ಗೋಚರಿಸುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ‘ನೂರರಲ್ಲಿ ತೊಂಬತ್ತೊಂಬತ್ತು ಟಾಸ್ಕುಗಳು ಇಷ್ಟು ಕಾಲದೊಳಗೆ ಮುಗಿದವು’ ಎಂಬ ಶತಮಾನಾಂಕವನ್ನು ಪ್ರತಿಯೊಂದು ಗಣಕವೂ ತಾನೇ ಲೆಕ್ಕಹಾಕಿ ಕಳುಹಿಸಿದರೆ, ಆ ಶತಮಾನಾಂಕಗಳ ಸರಾಸರಿಗೆ ಗಣಿತದಲ್ಲಿ ಯಾವ ಅರ್ಥವೂ ಇಲ್ಲ; ಎಣಿಕೆಗಳನ್ನಾದರೋ ಎಷ್ಟು ಗಣಕಗಳಿಂದ ಬಂದರೂ ನಿಶ್ಚಿಂತೆಯಿಂದ ಕೂಡಿಸಬಹುದು. ಆದಕಾರಣ ಮೊದಲು ಎಣಿಕೆಗಳನ್ನು ಕೂಡಿಸಿ, ಶತಮಾನಾಂಕವನ್ನು ಆಮೇಲೆ ತೆಗೆಯುವುದೇ ಯುಕ್ತ.

ಮಾಪನಕ್ಕೂ ವೆಚ್ಚವುಂಟು. ಅಂಕಿಗಳಿಗೆ ಅಂಟಿಸುವ ಗುರುತುಚೀಟಿಗಳಾದ ಲೇಬಲುಗಳ ಒಂದೊಂದು ಜೋಡಣೆಯೂ ಪ್ರೊಮೀಥಿಯಸ್‌ನಲ್ಲಿ ಪ್ರತ್ಯೇಕ ಸರಣಿಯಾಗುವುದರಿಂದ, ಗ್ರಾಹಕರ ಗುರುತಿನ ಸಂಖ್ಯೆಯನ್ನು ಲೇಬಲಾಗಿ ಅಂಟಿಸಿದರೆ ಲಕ್ಷಾಂತರ ಸರಣಿಗಳು ಹುಟ್ಟಿ ಸಂಗ್ರಾಹಕವೇ ಕುಸಿದುಬೀಳಬಹುದು. ಇಂತಹ ವ್ಯವಸ್ಥೆಗಳ ಹೊಣೆ ಹೊತ್ತ ತರುಣ ಇಂಜಿನಿಯರರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಟಾಸ್ಕುಗಳ ಸರಾಸರಿ ಕಾಲ ಇರುವೆಡೆಯಲ್ಲಿ ಅತ್ಯಧಿಕ ಕಾಲವನ್ನೂ ಹಿಸ್ಟೋಗ್ರಾಂ ಅನ್ನೂ ಇಂದೇ ಸೇರಿಸಿರಿ.